ಸೋಫಿ ಎಂಬ ತುಂಟಿಯ ಸಿನಿಮಾವನ್ನು ಮಕ್ಕಳ ಜೊತೆ ನೋಡುವುದು ಹೇಗೆ

ಮೊದಲು ಮನೆಯಲ್ಲಿ ಒಂದು ಮುರಿದ ಕ್ರೇಯಾನ್ ಹುಡುಕಿ. ಸ್ಟೀಲ್ ತಟ್ಟೆಯಲ್ಲಿಟ್ಟು ಮಧ್ಯಾಹ್ನದ ಬಿಸಿಲಿಗೆ ತಾರಸಿ ಮೇಲೆ ಬಿಡಿ. ಏಪ್ರಿಲ್ ತಿಂಗಳಾದರೆ ಜಾಸ್ತಿ ಹೊತ್ತು ಬೇಡ. ಮಳೆಗಾಲವಾದರೆ ಈ ಆಟ ಬಿಟ್ಟುಬಿಡಿ. ಕ್ರೇಯಾನ್ ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿ. ಫ್ರಾನ್ಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಹೆಸರು ಸೋಫಿ. ಅಪ್ಪ ಪ್ಯಾರಿಸ್ಸಿನಿಂದ ಅವಳಿಗೆ ಮೇಣದ ಗೊಂಬೆ ಕಳಿಸಿದರು. ಗೊಂಬೆಗೆ ಚಳಿಯಾಗುತ್ತದಲ್ಲಾ ಎಂದು ಅವಳು ಅದನ್ನು ಬಿಸಿಲಿಗೆ ಇಟ್ಟಳು. ಬೇಡ ಕಣೇ, ಕರಗುತ್ತದೆ ಎಂದು ಅಮ್ಮ ಹೇಳಿದ್ದರೂ ಕೇಳಲಿಲ್ಲ. ಆಮೇಲೆ ಬಂದು ನೋಡಿದರೆ ಗೊಂಬೆಯ ಕಣ್ಣೆರಡೂ ತಲೆಯೊಳಗೆ ಬಿದ್ದುಹೋಗಿದ್ದವು.

ಇಲ್ಲಿಗೆ ಬಂದಾಗ ನನ್ನ ಅಕ್ಕನ ಮಗಳು ಅತ್ತುಬಿಡುತ್ತಾಳೆ ಎಂದುಕೊಂಡಿದ್ದೆ. ನಕ್ಕಳು. "ಆಮೇಲೆ ಇನ್ನೇನು ಕರಗಿತು ಚಿಕ್ಕಮ್ಮ?" ಎಂದಳು. ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿದಿತ್ತು.

ಕಥೆ ಫ್ರಾನ್ಸಿನಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿರುವ ಪುಸ್ತಕದ್ದು. ಹೆಸರು 'ಲೆ ಮಲೋರ್ ದ ಸೋಫಿ', ಅಂದರೆ ಸೋಫಿ ಪಟ್ಟ ಪಾಡುಗಳು. 1858ರಲ್ಲಿ ಕೊಂತೆಸ್ ದ ಸೆಗ್ಯೂರ್ ಬರೆದದ್ದು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಕಿತಾಪತಿ, ಕೊನೆಗೆ ಅದಕ್ಕೆ ತಕ್ಕ ಶಿಕ್ಷೆ, ಜೊತೆಗೆ ಒಂದಿಷ್ಟು ಬುದ್ಧಿಮಾತು. ಈ ಪುಸ್ತಕವನ್ನು ಇಟ್ಟುಕೊಂಡು 2016ರಲ್ಲಿ ಕ್ರಿಸ್ತೋಫ್ ಒನೊರೆ ಒಂದು ಸಿನಿಮಾ ಮಾಡಿದರು. ಅದನ್ನು ನಾನು ಸ್ತ್ರೀವಾದಿ ಸಿನಿಮಾ ಎನ್ನುತ್ತೇನೆ. ಹಾಗೆಂದರೆ ಹುಡುಗಿ ಕತ್ತಿ ಹಿಡಿದು ಕುದುರೆ ಏರುತ್ತಾಳೆ ಎಂದುಕೊಂಡು ಕೂತರೆ ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹುಡುಗಿ ಅದೇ ಹಳೇ ತರಲೆ. ಬುದ್ಧಿಮಾತಿನ ಸದ್ದು ಮಾತ್ರ ಕಡಿಮೆಯಾಗಿದೆ. ಅದೇ ನನಗೆ ದೊಡ್ಡದಾಗಿ ಕಂಡಿದ್ದು.

ಯಾವ ಸಿನಿಮಾ ಎಂದು ಖಾತ್ರಿ ಮಾಡಿಕೊಳ್ಳಿ

ಇದೇ ಹೆಸರಿನಲ್ಲಿ ಹುಡುಕಿದರೆ ಮೂರು ಸಿನಿಮಾ, ಮೇಲೆ ಒಂದು ಕಾರ್ಟೂನ್ ಸರಣಿ ಕಾಣುತ್ತವೆ. ವರ್ಷ ನೋಡದೆ ಒತ್ತಿದರೆ ಬೇರೆ ಯಾವುದೋ ಶುರುವಾಗುತ್ತದೆ.

1946ರದ್ದು ಜಾಕ್ಲೀನ್ ಓದ್ರಿ ಮಾಡಿದ್ದು. ಅವರ ಮೊದಲ ಕಥಾಚಿತ್ರ ಅದು. ಫ್ರಾನ್ಸಿನ ಹೆಂಗಸರು ಮೊದಲ ಸಲ ಓಟು ಹಾಕಿದ್ದು 1945ರ ಏಪ್ರಿಲ್‌ನಲ್ಲಿ. ಅದರ ಮರುವರ್ಷವೇ ಒಬ್ಬ ಹೆಂಗಸು ಕ್ಯಾಮೆರಾ ಹಿಂದೆ ನಿಂತು, ಎಲ್ಲಾ ಬಿಟ್ಟು ಈ ಮಾತು ಕೇಳದ ಹುಡುಗಿಯ ಕಥೆಯನ್ನೇ ಎತ್ತಿಕೊಂಡರು ಎನ್ನುವುದು ನನಗೆ ಇಷ್ಟವಾದ ಸಂಗತಿ. ಆ ಕಾಲದ ಫ್ರೆಂಚ್ ಸಿನಿಮಾದಲ್ಲಿ ನಿರ್ದೇಶಕಿಯರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮುಂದೆ ಇವರೇ 1949ರಲ್ಲಿ 'ಜಿಜಿ', 1951ರಲ್ಲಿ 'ಒಲಿವಿಯಾ' ಮಾಡಿದರು. ಆದರೆ ಸೋಫಿಯ ಈ ಹಳೇ ಚಿತ್ರ ಸುಲಭಕ್ಕೆ ಸಿಗುವಂಥದ್ದಲ್ಲ. 1981ರದ್ದು ಜಾನ್-ಕ್ಲೋದ್ ಬ್ರಿಯಾಲಿಯವರದು, ಅದು ಸದ್ಯಕ್ಕೆ ಬೇಡ. ನಾವು ನೋಡುವುದು 2016ರದ್ದು. ಸೋಫಿಯಾಗಿ ಕರೊಲಿನ್ ಗ್ರಾಂಟ್, ಅಮ್ಮನಾಗಿ ಗೊಲ್ಶಿಫ್ತೆ ಫರಹಾನಿ ಎಂದು ಹೆಸರಿದ್ದರೆ ಸರಿಯಾದ ಕಡೆ ಬಂದಿದ್ದೀರಿ.

ಏಳೆಂಟು ವರ್ಷದ ಮೇಲಿನ ಮಕ್ಕಳಿಗೆ ಸರಿ. ಅದಕ್ಕಿಂತ ಚಿಕ್ಕವರಾದರೆ ಮೊದಲರ್ಧ ಸಾಕು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಭಾಷೆಯದ್ದು ಒಂದು ತೊಡಕು ಇದೆ. ಸಿನಿಮಾ ಇರುವುದು ಫ್ರೆಂಚಿನಲ್ಲಿ. ಸಬ್‌ಟೈಟಲ್ ಓದುವಷ್ಟು ವೇಗ ಮಕ್ಕಳಿಗೆ ಇರುವುದಿಲ್ಲ, ಅದೂ ಇಂಗ್ಲಿಷಿನದ್ದು. ನಾನು ಮಾಡುವುದು ಇಷ್ಟು: ಪಕ್ಕದಲ್ಲಿ ಕೂತು ಮುಖ್ಯವಾದ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಎಲ್ಲವನ್ನೂ ಹೇಳಬೇಡಿ. ನೀವು ಬಾಯಿ ಮುಚ್ಚಿದಾಗಲೇ ಮಕ್ಕಳು ಮುಖ ನೋಡುತ್ತಾರೆ. ಈ ಸಿನಿಮಾದಲ್ಲಿ ಮುಖಗಳೇ ಜಾಸ್ತಿ ಮಾತಾಡುತ್ತವೆ.

ಪುಸ್ತಕ ಪೂರ್ತಿ ಬೇಡ, ನಾಲ್ಕೈದು ಅಧ್ಯಾಯ ಸಾಕು

ಸೆಗ್ಯೂರ್ ತೀರಿಕೊಂಡದ್ದು 1874ರಲ್ಲಿ. ಹಾಗಾಗಿ ಪುಸ್ತಕಕ್ಕೆ ಈಗ ಹಕ್ಕಿನ ತಕರಾರಿಲ್ಲ, ಮೂಲ ಫ್ರೆಂಚ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಫ್ರೆಂಚ್ ಬರದಿದ್ದರೆ ಮೊಬೈಲಿನ ಅನುವಾದ ಹಾಕಿಕೊಂಡು ಓದಿದರೂ ಕಥೆ ತಿಳಿಯುತ್ತದೆ. ನೀವು ಓದಿ, ಮಕ್ಕಳಿಗೆ ನಿಮ್ಮ ಮಾತಿನಲ್ಲಿ ಹೇಳಿ. ಇವಿಷ್ಟನ್ನು ಬಿಡಬೇಡಿ.

ಗೊಂಬೆಯದ್ದು ಹೇಗೂ ಹೇಳಿದ್ದೀರಿ, ಅದನ್ನು ಮುಗಿಸಿ. ಸ್ನಾನ ಮಾಡಿಸಿ ಬಣ್ಣ ಹೋಗುತ್ತದೆ, ಗುಂಗುರು ಮಾಡಲು ಹೋಗಿ ಕೂದಲು ಸುಟ್ಟುಹೋಗುತ್ತದೆ, ಬಿಸಿನೀರಲ್ಲಿ ಕಾಲು ಕರಗುತ್ತದೆ. ಕೊನೆಗೆ ಗೊಂಬೆಯನ್ನು ಮಣ್ಣು ಮಾಡುತ್ತಾರೆ. ಮಕ್ಕಳೆಲ್ಲಾ ಸೇರಿ, ಖುಷಿಯಾಗಿ, ಹಬ್ಬದ ಥರ.

ಮೀನಿನದ್ದು. ಅಮ್ಮ ಸಾಕಿದ ಪುಟ್ಟ ಮೀನುಗಳನ್ನು ಸೋಫಿ ಹಿಡಿದು ಉಪ್ಪು ಹಾಕಿ, ಅಪ್ಪ ಕೊಟ್ಟ ಚಾಕುವಿನಿಂದ ಕತ್ತರಿಸುತ್ತಾಳೆ. ಅನುಮಾನ ಮನೆಯಾಳು ಸಿಮೋನ್ ಮೇಲೆ ಬೀಳುತ್ತದೆ. ಅವನ ಕೆಲಸಕ್ಕೇ ಕುತ್ತು ಬಂತಲ್ಲಾ ಎಂದು ಸೋಫಿ ತಪ್ಪು ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡದ್ದಕ್ಕೆ ಆ ಸಲ ಮಾಫಿ.

ಜೇನುನೊಣದ್ದು. ಇದು ಸ್ವಲ್ಪ ಕಷ್ಟ. ಅವಳು ಜೇನುನೊಣ ಹಿಡಿದು ಚೂರು ಚೂರು ಮಾಡುತ್ತಾಳೆ. ಅಮ್ಮ ಆ ಚೂರುಗಳನ್ನು ರಿಬ್ಬನ್ನಿಗೆ ಪೋಣಿಸಿ, ಪುಡಿಯಾಗಿ ಉದುರುವ ತನಕ ಕೊರಳಿಗೆ ಹಾಕಿಕೋ ಎನ್ನುತ್ತಾಳೆ. ಇದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಇಳಿದುಬಿಡುತ್ತದೆ.

ಆಮೇಲೆ ಕೂದಲು ಮತ್ತು ಹುಬ್ಬಿನದ್ದು. ಇವೆರಡನ್ನು ಒಟ್ಟಿಗೆ ಹೇಳಿ, ಯಾಕೆಂದರೆ ನಮ್ಮ ವಿಷಯ ಇರುವುದೇ ಇಲ್ಲಿ. ಸೋಫಿ ದುಂಡುದುಂಡಗೆ ಇದ್ದಾಳೆ. ಕೂದಲನ್ನು ಗಂಡು ಹುಡುಗರ ಥರ ಕತ್ತರಿಸಿದ್ದಾರೆ. ಬಿಸಿಲು, ಗಾಳಿ, ಮಳೆ, ಚಳಿ ಎಲ್ಲಾ ಅಭ್ಯಾಸವಾಗಲಿ ಎಂದು ಅಮ್ಮ ಬೇಸಿಗೆ ಚಳಿಗಾಲ ಎನ್ನದೆ ಅದೇ ಗಿಡ್ಡ ತೋಳಿನ ಬಿಳಿ ಬಟ್ಟೆ ಹಾಕುತ್ತಾಳೆ. ಟೋಪಿ ಇಲ್ಲ, ಕೈಗವಸು ಇಲ್ಲ. ಇಂಥ ಹುಡುಗಿಗೆ ಗೆಳತಿಯ ಹಾಗೆ ಗುಂಗುರು ಕೂದಲು ಬೇಕೆನಿಸುತ್ತದೆ. ಮಳೆ ಬಂದಾಗ ಹೋಗಿ ಸೂರಿನ ನೀರು ಸುರಿಯುವಲ್ಲಿ ತಲೆ ಕೊಟ್ಟು ನಿಲ್ಲುತ್ತಾಳೆ. ಅದೇ ಒದ್ದೆ ಅವತಾರದಲ್ಲಿ ಊಟಕ್ಕೆ ಬಾ ಎಂದು ಅಮ್ಮನ ಶಿಕ್ಷೆ, ಎಲ್ಲರ ಮುಂದೆ ನಗೆಪಾಟಲು. ಇನ್ನೊಂದು ಸಲ, ದಟ್ಟವಾಗಿ ಬೆಳೆಯಲಿ ಎಂದು ತನ್ನ ಹುಬ್ಬನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಮತ್ತೆ ನಗು. ಚೆಂದ ಕಾಣಬೇಕು ಎಂದು ಹೇಳಿಕೊಟ್ಟವರೂ ದೊಡ್ಡವರೇ, ಚೆಂದಕ್ಕೆ ಆಸೆಪಟ್ಟರೆ ನಗುವವರೂ ದೊಡ್ಡವರೇ. ಗುರುತು ಸಿಕ್ಕಿತಲ್ವಾ?

ಇನ್ನೂ ಒಂದಕ್ಕೆ ಸಮಯವಿದ್ದರೆ ಕೆನ್ನೆ ಗೀರಿದ ಕಥೆ. ಸೋಫಿಯ ಅತ್ತೆ ಮಗನೋ ಚಿಕ್ಕಪ್ಪನ ಮಗನೋ, ಫ್ರೆಂಚಿನಲ್ಲಿ ಎಲ್ಲಾ ಒಂದೇ ಕಸಿನ್, ಪೋಲ್ ಎಂಬ ಹುಡುಗ. ಅವಳು ಸಿಟ್ಟಿನಲ್ಲಿ ಅವನ ಕೆನ್ನೆ ಪರಚುತ್ತಾಳೆ. ಅವಳಿಗೆ ಬೈಗುಳ ಬೀಳಬಾರದು ಎಂದು ಅವನು ಹೋಗಿ ಮುಳ್ಳಿನ ಪೊದೆಯಲ್ಲಿ ಹೊರಳಾಡಿ ಮೈಯೆಲ್ಲಾ ಗೀರು ಮಾಡಿಕೊಂಡು ಬರುತ್ತಾನೆ. ಗಂಡು ಹುಡುಗ ಸಂಪನ್ನ, ಹೆಣ್ಣು ಹುಡುಗಿ ಪುಂಡಿ. 1858ರಲ್ಲಿ ಹೀಗೆ ಬರೆದದ್ದೇ ನನಗೆ ಸೋಜಿಗ.

ಅಜ್ಜಿಯ ಗುಟ್ಟನ್ನು ಸಿನಿಮಾಕ್ಕೆ ಮೊದಲೇ ಹೇಳಿ

ಪುಸ್ತಕದ ಮೊದಲಲ್ಲಿ ಒಂದು ಅರ್ಪಣೆ ಇದೆ, ಎಲಿಸಬೆತ್ ಎಂಬ ಮೊಮ್ಮಗಳಿಗೆ. ಅಜ್ಜಿ ಯಾವಾಗಲೂ ಒಳ್ಳೆಯವಳೇ ಆಗಿರಲಿಲ್ಲ, ಸಿಟ್ಟಿನವಳಾಗಿದ್ದಳು, ತಿಂಡಿಪೋತಿ, ಸುಳ್ಳಿ, ಕಳ್ಳಿ ಕೂಡ ಆಗಿದ್ದಳು, ಆಮೇಲೆ ತಿದ್ದಿಕೊಂಡಳು ಎನ್ನುವ ಅರ್ಥದಲ್ಲಿ ಬರೆದಿದ್ದಾರೆ. ಲೇಖಕಿಯ ಸ್ವಂತ ಹೆಸರೇ ಸೋಫಿ. ಸೋಫಿ ರೊಸ್ತೊಪ್ಚಿನ್, 1799ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. 1812ರಲ್ಲಿ ನೆಪೋಲಿಯನ್ ಬಂದಾಗ ಮಾಸ್ಕೋ ಹೊತ್ತಿ ಉರಿಯಿತಲ್ಲ, ಆಗ ಆ ಊರಿನ ಗವರ್ನರ್ ಆಗಿದ್ದವರು ಇವರ ಅಪ್ಪ. ಆಮೇಲೆ ಕುಟುಂಬ ರಷ್ಯಾ ಬಿಟ್ಟು ಫ್ರಾನ್ಸಿಗೆ ಬಂತು. ಸೋಫಿ 1819ರಲ್ಲಿ ಮದುವೆಯಾದರು, ಎಂಟು ಮಕ್ಕಳನ್ನು ಹೆತ್ತರು, ನಾರ್ಮಂಡಿಯ ಓಬ್ ಊರಿನ ನುವೆತ್ ಬಂಗಲೆಯಲ್ಲಿ ವರ್ಷಗಟ್ಟಲೆ ಕಳೆದರು. ಪುಸ್ತಕ ಬರೆಯಲು ಕೂತದ್ದು ಐವತ್ತು ದಾಟಿದ ಮೇಲೆ, ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆಗಳಿಂದ. ನಮ್ಮಲ್ಲೂ ಎಷ್ಟೋ ಅಜ್ಜಿಯರ ಕಥೆ ಇಷ್ಟೇ, ಬರೆದಿಡಲು ಯಾರೂ ಪೆನ್ನು ಕೊಡಲಿಲ್ಲ ಅಷ್ಟೇ ವ್ಯತ್ಯಾಸ.

ಆ ಕಾಲದ ಫ್ರೆಂಚ್ ಕಾನೂನಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಗಂಡನನ್ನು ಕೇಳದೆ ಕೆಲಸಕ್ಕೆ ಸೇರಲು, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಅಲ್ಲಿನ ಹೆಂಡತಿಯರಿಗೆ 1965ರ ತನಕ ಕಾಯಬೇಕಾಯಿತು. ಇದನ್ನು ದೊಡ್ಡ ಮಕ್ಕಳಿಗೆ ಹೇಳಿ, ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಸೆಗ್ಯೂರ್ ಪುಸ್ತಕಗಳು ಬಂದದ್ದು ಹಷೆತ್ ಪ್ರಕಾಶನದ ಗುಲಾಬಿ ರಟ್ಟಿನ ಮಾಲೆಯಲ್ಲಿ. ಆಗ ಹಷೆತ್‌ನವರು ರೈಲ್ವೆ ಸ್ಟೇಷನ್ನುಗಳಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದರು. ರೈಲಿನಲ್ಲಿ ಗಲಾಟೆ ಮಾಡುವ ಮಕ್ಕಳ ಕೈಗೆ ಗಲಾಟೆ ಮಾಡುವ ಹುಡುಗಿಯ ಕಥೆ!

ಈ ಹಿನ್ನೆಲೆ ತಿಳಿದಿದ್ದರೆ ಸಿನಿಮಾ ಮಾಡಿದ್ದು ಏನು ಎಂದು ಬೇಗ ಕಾಣುತ್ತದೆ. ಅರವತ್ತರ ಅಂಚಿನ ಅಜ್ಜಿ ತನ್ನ ಬಾಲ್ಯವನ್ನು ಬರೆಯುತ್ತಾ, ಪ್ರತಿ ಪುಟದಲ್ಲೂ ಮೇಲೊಂದು ಮುಚ್ಚಳ ಹಾಕಿದ್ದಾರೆ, ಬುದ್ಧಿಮಾತಿನ ಮುಚ್ಚಳ. ಪಾತ್ರೆಯೊಳಗೆ ಮಾತ್ರ ಸಾರು ಕುದಿಯುತ್ತಲೇ ಇದೆ. ಕಿತಾಪತಿಯನ್ನು ಅಷ್ಟು ರುಚಿಯಾಗಿ ಬರೆದ ಕೈ ಶಿಕ್ಷೆಯನ್ನು ಬರೀ ಲೆಕ್ಕಕ್ಕೆ ಬರೆದ ಹಾಗಿದೆ. ಒನೊರೆ ಮುಚ್ಚಳ ತೆಗೆದಿದ್ದಾರೆ. ಹೊಸದಾಗಿ ಘೋಷಣೆ ಏನೂ ಸೇರಿಸಿಲ್ಲ.

ನೋಡುವಾಗ ಕಣ್ಣು ಎಲ್ಲಿಡಬೇಕು

ಒಂದು ಹಾಳೆಯಲ್ಲಿ ನೀವು ಹೇಳಿದ ಕಿತಾಪತಿಗಳನ್ನು ಮಗುವಿನ ಕೈಯಲ್ಲೇ ಬರೆಸಿ: ಗೊಂಬೆ, ಮೀನು, ಜೇನು, ಕೂದಲು, ಹುಬ್ಬು. ಸಿನಿಮಾದಲ್ಲಿ ಬಂದದ್ದಕ್ಕೆ ಗೆರೆ ಎಳೆಯಲಿ. ಬರದೇ ಇದ್ದದ್ದರ ಬಗ್ಗೆ ಆಮೇಲೆ ಜಗಳ ಆಡಬಹುದು. ಈ ಆಟದಿಂದ ಮಕ್ಕಳು ಕೂತಲ್ಲೇ ಕೂರುತ್ತಾರೆ, ನನ್ನ ಅನುಭವ.

ಮೊದಲು ಅಮ್ಮನನ್ನು ನೋಡಿ. ಪುಸ್ತಕದಲ್ಲಿ ಅಮ್ಮ ಅಂದರೆ ಒಂದು ದನಿ: ಬೇಡ ಎನ್ನುತ್ತದೆ, ಆಮೇಲೆ ಶಿಕ್ಷೆ ಕೊಡುತ್ತದೆ. ಸಿನಿಮಾದಲ್ಲಿ ಆಕೆ ದೊಡ್ಡ ಬಂಗಲೆಯಲ್ಲಿ ಬೇಸರ ಹೊತ್ತು ಓಡಾಡುವ ಎಳೇ ವಯಸ್ಸಿನ ಹೆಂಗಸು. ಫರಹಾನಿ ಇರಾನಿನಲ್ಲಿ ಹುಟ್ಟಿ, ದೇಶ ಬಿಟ್ಟು ಫ್ರಾನ್ಸಿನಲ್ಲಿ ನೆಲೆಸಿದ ನಟಿ. ರಷ್ಯಾ ಬಿಟ್ಟು ಬಂದ ಲೇಖಕಿಯ ಕಥೆಗೆ ಇರಾನ್ ಬಿಟ್ಟು ಬಂದ ಅಮ್ಮ. ಇದು ಬೇಕೆಂದೇ ಮಾಡಿದ್ದೋ ಅಲ್ಲವೋ, ನೋಡುವಾಗ ಮನಸ್ಸಿಗೆ ಬರದೇ ಇರದು. ಮಗಳನ್ನು ಗದರಿಸುವಾಗ ಆಕೆಯ ಕಣ್ಣು ಎಲ್ಲೋ ಇರುತ್ತದೆ. ಇಲ್ಲಿ ಒಮ್ಮೆ ಪಾಜ್ ಮಾಡಿ, "ಅಮ್ಮನಿಗೆ ಏನಾಗಿದೆ?" ಎಂದು ಕೇಳಿ. ನಾನು ಕೇಳಿದ್ದಕ್ಕೆ ನಮ್ಮನೆ ಹುಡುಗಿ, "ಅವಳ ಜೊತೆ ಆಡುವುದಕ್ಕೆ ಯಾರೂ ಇಲ್ಲ" ಎಂದಳು. ಅದಕ್ಕೆ ನಾನು ಬೇರೆ ಏನು ವಿವರಣೆ ಕೊಡಲಿ.

ಆಮೇಲೆ ಪ್ರಾಣಿಗಳು. ಅಳಿಲು ಗಿಳಿಲು ಎಲ್ಲಾ ಕೈಯಿಂದ ಬರೆದ ಚಿತ್ರಗಳು. ನಿಜವಾದ ತೋಟದಲ್ಲಿ, ನಿಜವಾದ ಮಕ್ಕಳ ಮಧ್ಯೆ ಕಾರ್ಟೂನ್ ಅಳಿಲು ಓಡಾಡುತ್ತದೆ. ಇದನ್ನು ಮಾಡಿದವರು ಬೆಂಜಮಿನ್ ರೆನೆರ್, 'ಅರ್ನೆಸ್ಟ್ ಮತ್ತು ಸೆಲೆಸ್ತಿನ್' ಚಿತ್ರದ ನಿರ್ದೇಶಕರಲ್ಲೊಬ್ಬರು. ಮೊದಲಿಗೆ ನನಗೆ ಇದು ಗಿಮಿಕ್ ಅನಿಸಿತ್ತು. ಎರಡನೇ ಸಲ ನೋಡುವಾಗ ಹೊಳೆಯಿತು: ನಾಲ್ಕು ವರ್ಷದ ಮಗುವಿಗೆ ಮೀನೂ ಗೊಂಬೆಯೂ ಒಂದೇ ಅಲ್ವಾ. ಅವಳ ಕಣ್ಣಿಗೆ ಕಂಡ ಹಾಗೆ ಲೋಕವನ್ನು ಬರೆದಿದ್ದಾರೆ. ದೊಡ್ಡವರು ಅದನ್ನು ಕ್ರೌರ್ಯ ಎಂದರು, ಅವಳು ಆಟ ಆಡುತ್ತಿದ್ದಳು.

ಗಂಡಸರು ಬಹಳ ಕಡಿಮೆ, ಸುಮ್ನೆ ಎಣಿಸುತ್ತಾ ಹೋಗಿ. ಮನೆ ತುಂಬಾ ಹೆಂಗಸರು, ಮಕ್ಕಳು. ಆದರೂ ಎಲ್ಲರ ಬದುಕನ್ನು ತಿರುಗಿಸುವುದು ಅಮೆರಿಕಕ್ಕೆ ಹೋಗುವ ಒಂದು ತೀರ್ಮಾನ.

ಮಧ್ಯಂತರ ಅಲ್ಲೇ ಕೊಡಿ

ಸಿನಿಮಾ ಎರಡು ಪುಸ್ತಕಗಳನ್ನು ಹೊಲಿದು ಮಾಡಿದ್ದು. ಮೊದಲರ್ಧ ಸೋಫಿಯ ಪಾಡುಗಳು. ಎರಡನೆಯದಕ್ಕೆ ಅದೇ ಲೇಖಕಿಯ 'ಲೆ ಪೆತಿತ್ ಫಿಯ್ ಮೊದೆಲ್' ಸೇರಿದೆ, ಅಂದರೆ ಮಾದರಿ ಹುಡುಗಿಯರು. ಹಡಗು ಅಮೆರಿಕಕ್ಕೆ ಹೊರಡುವ ಹೊತ್ತಿಗೆ ನಿಲ್ಲಿಸಿ, ಉಳಿದದ್ದು ನಾಳೆಗೆ. ಚಿಕ್ಕ ಮಕ್ಕಳಿಗೆ ಇಲ್ಲಿಗೇ ಮುಗಿಸಿಬಿಡಿ.

ಯಾಕೆಂದರೆ ಒಂದು ವರ್ಷದ ಮೇಲೆ ಸೋಫಿ ವಾಪಸ್ ಬರುವಾಗ ಜೊತೆಗೆ ಅಮ್ಮ ಇರುವುದಿಲ್ಲ, ಮಲತಾಯಿ ಇರುತ್ತಾಳೆ. ಮದಾಮ್ ಫಿಚಿನಿ. ಇದನ್ನು ಮೊದಲೇ ಹೇಳಿ ಕೂರಿಸಿ. ನಾನು ಹೇಳದೆ ಹೋಗಿ ರಾತ್ರಿ ಹನ್ನೊಂದರ ತನಕ "ಅಮ್ಮ ಎಲ್ಲಿ ಹೋದಳು" ಪ್ರಶ್ನೆಗೆ ಉತ್ತರ ಕೊಡುತ್ತಾ ಕೂತಿದ್ದೆ. ಅಕ್ಕ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಫಿಚಿನಿ ಪಾತ್ರ ಮಾಡಿದ್ದು ಮ್ಯೂರಿಯೆಲ್ ರೊಬ್ಯಾಂ, ಫ್ರಾನ್ಸಿನ ದೊಡ್ಡ ಹಾಸ್ಯ ನಟಿ. ನಗು ಬರುತ್ತದೆ, ಆದರೆ ಹೊಡೆತ ಬೀಳುತ್ತದೆ. ಇಲ್ಲಿ ಹೊಡೆತದ ಬಗ್ಗೆ ಮಾತಾಡದೆ ಮುಂದೆ ಹೋಗಬೇಡಿ. ಮೊದಲ ಪುಸ್ತಕದಲ್ಲಿ ಹೊಲಿಗೆ ಪೆಟ್ಟಿಗೆಯಿಂದ ಕದ್ದಾಗ ಹೆತ್ತ ತಾಯಿಯೇ ಚಾಟಿ ಹಿಡಿಯುತ್ತಾಳೆ, ಅದನ್ನು ಸರಿ ಎಂಬಂತೆ ಬರೆದಿದೆ. ಮಲತಾಯಿ ಹೊಡೆದರೆ ಮಾತ್ರ ಅನ್ಯಾಯ! ಮಕ್ಕಳಿಗೆ ಹೊಡೆದು ಬುದ್ಧಿ ಕಲಿಸುವುದು ಮನೆಯೊಳಗೂ ಸಲ್ಲದು ಎಂದು ಫ್ರಾನ್ಸ್ ಕಾನೂನು ಮಾಡಿದ್ದು 2019ರ ಜುಲೈನಲ್ಲಿ, ಸಿನಿಮಾ ಬಂದು ಮೂರು ವರ್ಷದ ಮೇಲೆ. ನಮ್ಮಲ್ಲಿ ಶಾಲೆಯಲ್ಲಿ ಹೊಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕಿನ ಕಾಯ್ದೆಯಲ್ಲೇ ಇದೆ. ಮನೆಯ ವಿಷಯ ಮಾತ್ರ "ಎರಡು ಬಿಗಿದರೆ ಸರಿಹೋಗುತ್ತದೆ" ಎನ್ನುವಲ್ಲೇ ನಿಂತಿದೆ. "ನಿನಗೆ ಯಾರಾದರೂ ಹೊಡೆದಾಗ ಏನು ಕಲಿತೆ?" ಎಂದು ಮಗುವನ್ನು ಕೇಳಿ. ಉತ್ತರ ಕೇಳುವ ಗಟ್ಟಿತನ ಇದ್ದರೆ ಮಾತ್ರ ಕೇಳಿ.

ಕೊನೆಗೆ ಸೋಫಿಯನ್ನು ಕಾಯುವುದು ಮದಾಮ್ ಫ್ಲರ್ವಿಲ್ ಮತ್ತು ಆಕೆಯ ಇಬ್ಬರು ಮಾದರಿ ಹೆಣ್ಣುಮಕ್ಕಳು. ಫ್ಲರ್ವಿಲ್ ಪಾತ್ರ ಮಾಡಿದ್ದು ಅನಾಯಿಸ್ ದೆಮುಸ್ತಿಯೆ. ಒಳ್ಳೆ ಹುಡುಗಿ, ಕೆಟ್ಟ ಹುಡುಗಿ ಎಂದು ಬೇರೆ ಮಾಡಿ ಜಗಳ ಹಚ್ಚುವುದು ಸುಲಭವಿತ್ತು. ಇಲ್ಲಿ ಮಾದರಿ ಹುಡುಗಿಯರೇ ತರಲೆಯ ಕೈ ಹಿಡಿಯುತ್ತಾರೆ. ನನಗೆ ಒಪ್ಪಿಗೆಯಾದ ಭಾಗ ಇದು.

ಒಪ್ಪಿಗೆಯಾಗದ್ದೂ ಇದೆ. ಈ ಸ್ವಾತಂತ್ರ್ಯ ಎಲ್ಲಾ ಬಂಗಲೆಯ ಕಾಂಪೌಂಡಿನೊಳಗಿನದು. ಸೋಫಿ ತರಲೆ ಮಾಡಿದರೆ ಗುಡಿಸುವವರು ಬೇರೆ ಇದ್ದಾರೆ. ಆ ಆಳಿನ ಮನೆಯ ಹುಡುಗಿ ಮೀನು ಕತ್ತರಿಸಿದ್ದರೆ ಏನಾಗುತ್ತಿತ್ತು? ಸಿಮೋನ್ ಕಥೆ ಹೇಳಿದ್ದೀರಲ್ಲ, ಅಲ್ಲಿಂದ ಈ ಪ್ರಶ್ನೆಗೆ ಬನ್ನಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಕ್ಕಳು ಕೂಡ ಕೂತು ಸಿನಿಮಾ ನೋಡುತ್ತಿದ್ದರೆ ಇನ್ನೂ ಹುಷಾರಾಗಿ, ಅವರ ಮಾತಿಗೆ ಮೊದಲು ಜಾಗ ಕೊಟ್ಟು ಕೇಳಿ.

ನೋಡಿದ ಮೇಲೆ ಒಂದು ಕೆಲಸ

ಮೊಬೈಲನ್ನು ಮಗುವಿನ ಕೈಗೆ ಕೊಡಿ. ಒಂದು ಅಧ್ಯಾಯವನ್ನು ಅವರೇ ಶೂಟ್ ಮಾಡಲಿ. ನಿಯಮ ಎರಡೇ. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕಿಂತ ಮೇಲೆ ಹೋಗಬಾರದು, ದೊಡ್ಡವರ ಮುಖ ಕಾಣಬೇಕೆಂದರೆ ದೊಡ್ಡವರೇ ಬಗ್ಗಬೇಕು. ಎರಡನೆಯದು, ಕೊನೆಯಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ಮೊದಲ ನಿಯಮ ಮಕ್ಕಳಿಗೆ ತಕ್ಷಣ ಒಗ್ಗುತ್ತದೆ. ಎರಡನೆಯದಕ್ಕೆ ಒದ್ದಾಡುವವರು ನಾವು. ನಮ್ಮಮ್ಮನಿಗೆ ಸೋಫಿಯ ಅಮ್ಮನ ಪಾತ್ರ ಕೊಟ್ಟಿದ್ದೆವು. ಹುಬ್ಬು ಕತ್ತರಿಸಿದ ದೃಶ್ಯ. ನಾಲ್ಕು ಸಲ ತೆಗೆದರೂ ಅವರು "ನೋಡು ಪುಟ್ಟಾ, ಇನ್ನು ಮೇಲೆ ಹೀಗೆ..." ಎಂದು ಶುರು ಮಾಡಿಯೇ ಬಿಡುತ್ತಿದ್ದರು. ಐದನೇ ಸಲ ನಿರ್ದೇಶಕಿ ಕಟ್ ಎಂದು ಕೂಗಿ, ಅಜ್ಜಿಯನ್ನು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ಆ ಟೇಕಿನಲ್ಲಿ ಅಜ್ಜಿ ಮಾತೇ ಆಡಲಿಲ್ಲ. ಬಗ್ಗಿ, ಮೊಮ್ಮಗಳ ಹುಬ್ಬಿನ ಮೇಲೆ ಕಾಡಿಗೆಯಿಂದ ಮೆಲ್ಲಗೆ ಒಂದು ಗೆರೆ ಎಳೆದರು.